ಓದಬಾರದ ಝಡ್ ಇರುವ ಕ್ಷಮೆ: ‘ಅಸಾಯಿಲ್’ ಎಲ್ಲಿಂದ ಬಂತು?

ನಮಸ್ಕಾರ. ಒಬ್ಬ ವೀಕ್ಷಕರು ಒಂದು ಮಜವಾದ ಪ್ರಶ್ನೆ ಕಳಿಸಿದ್ದಾರೆ. “ಸರ್, ಹಳೆಯ ಇಂಗ್ಲಿಷ್ ಬರಹದಲ್ಲಿ ಸತ್ತವರೊಬ್ಬರ ಹೆಸರಿನ ಪಕ್ಕ ‘ಗಾಡ್ ಅಸಾಯಿಲ್’ ಅಂತಿದೆ. ಸಾಯಿಲ್ ಅಂದರೆ ಕೊಳೆ ಮಾಡೋದು ಅಲ್ವಾ? ಸತ್ತವರಿಗೆ ದೇವರು ಕೊಳೆ ಮೆತ್ತಲಿ ಅಂತಾನಾ?”

ಅಯ್ಯೋ, ಪೂರ್ತಿ ಉಲ್ಟಾ! ಅಸಾಯಿಲ್ ಅಂದರೆ ಕ್ಷಮಿಸು, ಪಾಪದಿಂದ ಬಿಡಿಸು. ‘ದೇವರು ಇವರ ಪಾಪ ಮನ್ನಿಸಲಿ’ ಎಂದು ಸತ್ತವರಿಗಾಗಿ ಸೇರಿಸುತ್ತಿದ್ದ ಮಾತು ಅದು.

ಮೂಲ ಬೇಗ ಹೇಳಿಬಿಡ್ತೀನಿ. ಲ್ಯಾಟಿನ್‌ನ ‘ಅಬ್ಸಾಲ್ವೆರೆ’. ಅದರಲ್ಲಿರುವ ‘ಸಾಲ್ವೆರೆ’ ಅಂದರೆ ಬಿಚ್ಚು, ಸಡಿಲಿಸು. ಅದು ಹಳೆಯ ಫ್ರೆಂಚರ ಬಾಯಲ್ಲಿ ಸವೆದು ಸವೆದು ಇಂಗ್ಲಿಷಿಗೆ ‘ಅಸಾಯಿಲ್’ ಆಗಿ ಬಂತು. ಅದೇ ಲ್ಯಾಟಿನ್ ಪದ ಇನ್ನೊಂದು ದಾರಿಯಲ್ಲಿ ಬಂದು ‘ಅಬ್ಸಾಲ್ವ್’ ಆಯಿತು. ಸಾಲ್ವ್, ಸಲ್ಯೂಷನ್, ಡಿಸಾಲ್ವ್ ಎಲ್ಲವೂ ಇದೇ ಮನೆಯವು. ಕೊಳೆ ಮಾಡುವ ‘ಸಾಯಿಲ್’ ಬಂದದ್ದು ಬೇರೊಂದು ಫ್ರೆಂಚ್ ಪದದಿಂದ. ಇಬ್ಬರಿಗೂ ನೆಂಟಸ್ತಿಕೆ ಇಲ್ಲ.

[ಸ್ಕ್ರೀನ್ ಮೇಲೆ: ಚಾಸರ್, ‘ಕ್ಯಾಂಟರ್ಬರಿ ಟೇಲ್ಸ್’, 14ನೇ ಶತಮಾನದ ಕೊನೆ]

ಈ ಪದವನ್ನು ಬಾಯ್ತುಂಬ ಬಳಸುವ ಒಂದು ಪಾತ್ರ ಇದೆ. ಇಂಗ್ಲಿಷ್ ಕವಿ ಚಾಸರ್‌ನ ‘ಪಾರ್ಡನರ್’. ಪಾಪಕ್ಕೆ ಚರ್ಚಿನ ಕ್ಷಮಾಪತ್ರ ಮಾರುವುದೇ ಇವನ ಕಸುಬು. ಚೀಲದ ತುಂಬ ಕ್ಷಮಾಪತ್ರ, ಅದೂ ‘ರೋಮ್‌ನಿಂದ ಬಿಸಿಬಿಸಿಯಾಗಿ ಬಂದದ್ದು’. ಇದು ನನ್ನ ಜೋಕ್ ಅಲ್ಲ, ಚಾಸರ್ ಬರೆದಿದ್ದೇ ಹಾಗೆ. ಜೊತೆಗೊಂದು ಗಾಜಿನ ಪಾತ್ರೆ, ಅದರಲ್ಲಿ ಹಂದಿ ಮೂಳೆ. ಸಂತರ ಮೂಳೆ ಅಂತ ಹೇಳಿ ಹಳ್ಳಿಯವರ ಹತ್ತಿರ ದುಡ್ಡು ಕೀಳುತ್ತಾನೆ. ‘ನನಗಿರುವ ದೊಡ್ಡ ಅಧಿಕಾರದಿಂದ ನಿಮ್ಮನ್ನು ಅಸಾಯಿಲ್ ಮಾಡ್ತೀನಿ’ ಅಂತಾನೆ. ಯಾರನ್ನು? ಕಾಣಿಕೆ ಕೊಡುವವರನ್ನು! ತಮಾಷೆ ಏನೆಂದರೆ, ತನ್ನ ಮೋಸವನ್ನೆಲ್ಲ ತೀರ್ಥಯಾತ್ರೆಯ ಜೊತೆ ಪ್ರಯಾಣಿಕರ ಮುಂದೆ ತಾನೇ ಬಿಚ್ಚಿಟ್ಟು, ಆಮೇಲೆ ಅವರಿಗೇ ಮಾರಲು ಹೋಗುತ್ತಾನೆ. ಸರಿಯಾಗಿ ಬೈಸಿಕೊಳ್ಳುತ್ತಾನೆ.

ಈಗ ನನ್ನ ಫೇವರಿಟ್ ಭಾಗ. ಇಂಗ್ಲೆಂಡಿನಲ್ಲಿ ಈ ಪದ ಮೂಲೆ ಸೇರಿತು. ಆದರೆ ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ಉಳಿದುಕೊಂಡಿತು. ಅಲ್ಲಿ ಬರೆಯುವಾಗ ಕೊನೆಗೆ ಝಡ್, ಐ, ಇ ಸೇರಿಸುತ್ತಾರೆ. ನಾವಾದರೆ ‘ಅಸಾಯಿಲ್‌ಝಿ’ ಅಂತೀವಿ. ಅವರು ಅನ್ನುವುದು ‘ಅಸಾಯ್ಲಿ’. ಝಡ್ ಎಲ್ಲಿ ಹೋಯಿತು?

ಅದು ಝಡ್ ಆಗಿರಲೇ ಇಲ್ಲ! ಹಿಂದೆ ‘ಯೋಗ್’ ಅಂತೊಂದು ಅಕ್ಷರ ಇತ್ತು. ನೋಡೋಕೆ ಇಂಗ್ಲಿಷಿನ 3ರ ಥರ. ಇಂಥ ಕಡೆ ಅದರ ಸದ್ದು ಹೆಚ್ಚುಕಡಿಮೆ ನಮ್ಮ ‘ಯ’. ಸ್ಕಾಟ್ಲೆಂಡಿನಲ್ಲಿ 1508ರ ಹೊತ್ತಿಗೆ ಎಡಿನ್‌ಬರೋದಲ್ಲಿ ಅಚ್ಚುಕೂಟ ಶುರುವಾಯಿತು. ಯುರೋಪಿನಿಂದ ಬಂದ ಅಚ್ಚಿನ ಮೊಳೆಗಳಲ್ಲಿ ಯೋಗ್ ಇರುತ್ತಿರಲಿಲ್ಲ. ಕೈಬರಹದ ಝಡ್ಡೂ ಹಾಗೇ ಬಾಲ ಇಳಿಬಿಟ್ಟುಕೊಂಡು ಇರುತ್ತಿತ್ತಲ್ಲ, ಮುದ್ರಕರು ಅದನ್ನೇ ಹಾಕಿಬಿಟ್ಟರು.

ಇಂಗ್ಲಿಷಿನಲ್ಲಿ ಝಡ್-ಎಚ್ ನೋಡಿ ನಾವು ‘ಆಲಪ್ಪುಝ’ ಅಂತ ಝಾಡಿಸಿ ಓದುತ್ತೀವಲ್ಲ, ಅದೇ ಕಥೆ. ಮಲಯಾಳದ ಆ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಜಾಗ ಇಲ್ಲ, ಅದಕ್ಕೆ ಝಡ್-ಎಚ್ ತಂದು ಕೂರಿಸಿದರು. ನಮ್ಮ ಹಳಗನ್ನಡದಲ್ಲೂ ಆ ಸದ್ದಿಗೆ ‘ೞ’ ಇತ್ತು, ಈಗ ಹೆಚ್ಚಿನ ಕಡೆ ‘ಳ’ ಆಗಿದೆ. ಹಾಗಾಗಿ ಸ್ಕಾಟಿಷರನ್ನು ನೋಡಿ ನಗುವ ಹಕ್ಕು ನಮಗೇನೂ ಜಾಸ್ತಿ ಇಲ್ಲ.

ಈ ಯೋಗ್ ಹೆಸರುಗಳನ್ನೂ ಬಿಟ್ಟಿಲ್ಲ. ‘ಮೆಂಝೀಸ್’ ಅಂತ ಬರೆದು ‘ಮಿಂಗಿಸ್’ ಅನ್ನುತ್ತಾರೆ. ಬ್ರಿಟನ್ನಿನ ರಾಜಕಾರಣಿ ಮೆಂಝೀಸ್ ಕ್ಯಾಂಪ್‌ಬೆಲ್‌ರನ್ನು ಎಲ್ಲರೂ ‘ಮಿಂಗ್’ ಅಂತ ಕರೆಯುತ್ತಿದ್ದದ್ದು ಅದಕ್ಕೇ. ‘ಡಾಲ್‌ಝಿಯೆಲ್’ ಅಂತೂ ‘ಡೀಯೆಲ್’! ಹಾಜರಿ ಕೂಗುವ ಹೊಸ ಮೇಷ್ಟ್ರ ಗತಿ ಯೋಚಿಸಿ.

ಸರಿ, ಕೋರ್ಟಿನಲ್ಲಿ ಇದಕ್ಕೇನು ಕೆಲಸ? ಸಿವಿಲ್ ದಾವೆಯಲ್ಲಿ ಪ್ರತಿವಾದಿ ಗೆದ್ದರೆ ಜಡ್ಜ್ ಅವನನ್ನು ‘ಅಸಾಯ್ಲಿ’ ಮಾಡುತ್ತಾರೆ. ಆ ಡಿಕ್ರಿಗೆ ‘ಅಬ್ಸಾಲ್ವಿಟರ್’ ಅಂತ ಹೆಸರು. ಸುಮ್ನೆ ವಜಾ ಆದ ದಾವೆಯನ್ನು ಸಾಮಾನ್ಯವಾಗಿ ಮತ್ತೆ ಹಾಕಬಹುದು. ಅಬ್ಸಾಲ್ವಿಟರ್ ಸಿಕ್ಕಿತೋ, ಮುಗೀತು, ಅದೇ ಜಗಳ ಎತ್ತಿಕೊಂಡು ಮತ್ತೆ ಬರುವಂತಿಲ್ಲ. 1560ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಪೋಪ್ ಅಧಿಕಾರವನ್ನೇ ಕಿತ್ತುಹಾಕಿತು. ಪಾದ್ರಿ ಮುಂದೆ ಪಾಪ ಹೇಳಿಕೊಳ್ಳುವ ಪದ್ಧತಿ ಹೋಯಿತು, ವಕೀಲರ ಬಾಯಲ್ಲಿ ಪದ ಉಳಿಯಿತು. ವಕೀಲರು ಸುಲಭಕ್ಕೆ ಏನನ್ನೂ ಬಿಡುವುದಿಲ್ಲ ಬಿಡಿ.

ಎಡಿಟರ್ ಕೈ ತೋರಿಸ್ತಿದ್ದಾನೆ, ಉಳಿದದ್ದನ್ನು ಒಟ್ಟಿಗೆ ಹೇಳಿ ಮುಗಿಸ್ತೀನಿ. ಇದರ ಜೊತೆಗಾರ ‘ಶ್ರೈವ್’, ಅಂದರೆ ಪಾಪ ಕೇಳಿಸಿಕೊಂಡು ಮನ್ನಿಸು. ಈಸ್ಟರ್‌ಗೆ ಮುಂಚೆ ಕ್ರೈಸ್ತರು ಮಾಡುವ ಲೆಂಟ್ ಉಪವಾಸ ಶುರುವಾಗುವ ಹಿಂದಿನ ದಿನ ‘ಶ್ರೋವ್ ಟ್ಯೂಸ್‌ಡೇ’ ಬಂದದ್ದು ಅದರಿಂದ. ಅವತ್ತು ಮನೆಯ ಮೊಟ್ಟೆ, ಬೆಣ್ಣೆ ಖಾಲಿ ಮಾಡೋಕೆ ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ‘ಶಾರ್ಟ್ ಶ್ರಿಫ್ಟ್’ ಕೂಡ ಇದೇ ಮನೆಯದು: ತಲೆ ಕಡಿಯುವ ಮುಂಚೆ ಪಾಪ ಹೇಳಿಕೊಳ್ಳಲು ಕೊಡುತ್ತಿದ್ದ ಚೂರು ಟೈಮ್. ನನ್ನ ಎಡಿಟರ್ ಅಷ್ಟೂ ಕೊಡೋ ಥರ ಕಾಣಲ್ಲ.