ಬೆರಳಿಟ್ಟು ತೋರಿಸುವ ಉತ್ತರ

ಕೇಳುಗರಿಗೆ ನಮಸ್ಕಾರ.

ಒಂದು ಹಾಳೆ, ಅದರಲ್ಲಿ ಒಂಬತ್ತು ಮನೆಗಳು. ಎಂಟರಲ್ಲಿ ಚಿತ್ರಗಳಿವೆ, ಕೊನೆಯದು ಖಾಲಿ. ಅಡ್ಡಕ್ಕೆ ನೋಡುತ್ತ ಹೋದರೆ ಗೆರೆಗಳು ಹೆಚ್ಚುತ್ತವೆ, ಕೆಳಕ್ಕೆ ಬಂದರೆ ಆಕಾರ ಬದಲಾಗುತ್ತದೆ. ಖಾಲಿ ಮನೆಗೆ ಯಾವ ಚಿತ್ರ ಹೊಂದುತ್ತದೆ? ಮಗು ಬಾಯಿ ತೆರೆಯಬೇಕಿಲ್ಲ, ಬೆರಳಿಟ್ಟು ತೋರಿಸಿದರೆ ಸಾಕು. ಬ್ರಿಟಿಷ್ ಮನೋವಿಜ್ಞಾನಿ ಜಾನ್ ರೇವನ್ 1938ರಲ್ಲಿ ಪ್ರಕಟಿಸಿದ, 60 ಪ್ರಶ್ನೆಗಳ ಪರೀಕ್ಷೆ ಈ ಬಗೆಯದು. ಮಾತಿನ ನೆರವಿಲ್ಲದೆ, ಚಿತ್ರಗಳಿಂದಲೇ ಬುದ್ಧಿಯನ್ನು ಅಳೆಯುವ ಪರೀಕ್ಷೆ ಇದು.

ಮನೆಮಾತೇ ಬೇರೆ, ಶಾಲೆಯ ಮಾತೇ ಬೇರೆ ಆಗಿರುವ ಮಗು, ಕಿವಿ ಮಂದವಿರುವ ಮಗು, ಮನೆಯಲ್ಲಿ ಪುಸ್ತಕವನ್ನೇ ಕಾಣದ ಮಗು, ಇವರೆಲ್ಲ ಪದಗಳ ಅರ್ಥ ಕೇಳುವ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ. ಕಡಿಮೆ ಇರುವುದು ಪದ, ಬುದ್ಧಿಯಲ್ಲ.

ಆದರೆ ಪರೀಕ್ಷೆ ಎಂಥದ್ದು ಅನ್ನುವುದಕ್ಕಿಂತ, ಅದರ ಮುಂದೆ ಯಾರನ್ನು ಕೂರಿಸುತ್ತೇವೆ ಅನ್ನುವುದು ದೊಡ್ಡ ಮಾತು. ಅಮೆರಿಕದ ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಶಿಕ್ಷಕರು, ಪೋಷಕರು ಹೆಸರು ಸೂಚಿಸಿದ ಮಕ್ಕಳನ್ನಷ್ಟೇ ಪ್ರತಿಭಾನ್ವಿತರ ತರಗತಿಗೆ ಪರಿಗಣಿಸುತ್ತಿದ್ದರು. 2005ರಲ್ಲಿ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲು ಒಂದು ಚಿತ್ರಪರೀಕ್ಷೆ ಕೊಟ್ಟರು. ಅರ್ಹತೆಯ ಮಟ್ಟವನ್ನು ಇಳಿಸಲಿಲ್ಲ. ಆದರೂ ಬಡ ಕುಟುಂಬಗಳ, ಕಪ್ಪು ಮತ್ತು ಹಿಸ್ಪಾನಿಕ್ ಸಮುದಾಯಗಳ ಎಷ್ಟೋ ಮಕ್ಕಳು ಹೊಸದಾಗಿ ಒಳಬಂದರು ಎಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ತೋರಿಸಿಕೊಟ್ಟರು. ಆ ಮಕ್ಕಳು ಅಷ್ಟು ದಿನವೂ ಅದೇ ಬೆಂಚುಗಳ ಮೇಲೆಯೇ ಕೂತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಂದು ಚಿತ್ರಪರೀಕ್ಷೆಗೆ ಸಂಸ್ಕೃತಿಯ ಸೋಂಕೇ ಇಲ್ಲವೆಂದು ತಿಳಿಯಬಾರದು. ಒಂದೇ ತಲೆಮಾರಿನ ಅಂತರದಲ್ಲಿ ಹಲವು ದೇಶಗಳಲ್ಲಿ ಇಂಥ ಪರೀಕ್ಷೆಗಳ ಅಂಕಗಳು ಬಹಳ ಏರಿದ್ದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1987ರಲ್ಲಿ ದಾಖಲಿಸಿದರು. ಅಷ್ಟರಲ್ಲಿ ವಂಶವಾಹಿಗಳು ಅಷ್ಟು ಬದಲಾಗುವುದಿಲ್ಲ, ಬದಲಾದದ್ದು ಬದುಕು ಮತ್ತು ಓದು. ಇನ್ನೊಂದು ಕೊರತೆಯೂ ಇದೆ. ಕಥೆ ಕಟ್ಟುವುದರಲ್ಲಿ, ವಾದ ಹೂಡುವುದರಲ್ಲಿ ಅಸಾಧಾರಣವಾದ ಮಗು ಆಕಾರಗಳ ಮುಂದೆ ಸಾಮಾನ್ಯವಾಗಿ ಕಾಣಬಹುದು. ಆದ್ದರಿಂದ ಇಲ್ಲಿ ಬಂದ ಕಡಿಮೆ ಅಂಕವೊಂದನ್ನೇ ಹಿಡಿದು ಯಾವ ಮಗುವನ್ನೂ ಹೊರಗಿಡಬಾರದು.

ಇನ್ನು ಹೆಚ್ಚು ಅಂಕ ಬಂದು, ಶಾಲೆಯ ಭಾಷೆ ಇನ್ನೂ ಹಿಡಿತಕ್ಕೆ ಸಿಗದ ಮಗುವಿನ ವಿಷಯ. ಶಿಕ್ಷಕರಲ್ಲಿ ನನ್ನ ಕೋರಿಕೆ ಇರುವುದು ಇಲ್ಲಿ. ಕಠಿಣ ಗಣಿತವನ್ನು ಆ ಮಗುವಿಗೆ ಈ ವಾರವೇ ಕೊಡಿ, ಭಾಷೆಯನ್ನು ಜೊತೆಜೊತೆಗೇ ಕಲಿಸಿ. "ಮಾತು ಬರಲಿ, ಆಮೇಲೆ ನೋಡೋಣ" ಎಂದು ಕಾಯಿಸಿದರೆ, ಮಾತು ಬರುವ ಹೊತ್ತಿಗೆ ಗಣಿತದ ಮೇಲಿನ ಆಸೆಯೇ ಆರಿಹೋಗಿರಬಹುದು.

ನಮಸ್ಕಾರ.