ಕಾಕಾ, ಕಾಟಾ ಮತ್ತು 600 ಕಿಲೋ ವಿಮಾನ

ಕಲಬುರಗಿ ವಿಮಾನ ನಿಲ್ದಾಣದ ಹೊರಗಿನ ರಸ್ತೆಯಲ್ಲಿ ನಿಂತು ಈ ದೃಶ್ಯವನ್ನು ಚಿತ್ರೀಕರಿಸುತ್ತಿದ್ದೇನೆ. 2019ರ ನವೆಂಬರಿನಲ್ಲಿ ಉದ್ಘಾಟನೆಯಾದ ಈ ನಿಲ್ದಾಣದ ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದವಾಗಿದೆ. ನಾನು ಮತ್ತು ನನ್ನ ಕಾಕಾ ಸೇರಿ ಕೊಳ್ಳಬೇಕೆಂದಿರುವ ಎರಡು ಆಸನದ ಹಳೆಯ ವಿಮಾನಕ್ಕೆ ಅದರ ಕಾಲುಭಾಗವೂ ಹೆಚ್ಚೇ.

ಕಾಕಾ ಅವರದು ಒಂದೇ ಪ್ರಶ್ನೆ: "ಟ್ರ್ಯಾಕ್ಟರ್ ತಂದ್ರ ಆರ್‌ಟಿಓ ಆಫೀಸಿಗೆ ಹೋಗಿ ನಂಬರ್ ಹಾಕಸ್ತೀವಲ್ಲ ತಮ್ಮಾ, ಇದಕ್ಯಾಕ ಇಷ್ಟು ಕಾಗದ?" ವಿಮಾನಕ್ಕೆ ನಂಬರ್ ಕೊಡುವವರು ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು, ಅಂದರೆ ಡಿಜಿಸಿಎ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆಯಾದರೂ, ನೋಂದಣಿಯಿಲ್ಲದ ವಿಮಾನ ಹಾರಬಾರದೆಂಬ ಮೂಲ ನಿಯಮ ಹಾಗೆಯೇ ಇದೆ. ಒಂದು ವಿಮಾನ ಏಕಕಾಲಕ್ಕೆ ಎರಡು ದೇಶಗಳಲ್ಲಿ ನೋಂದಣಿಯಾಗಿರುವಂತಿಲ್ಲ ಎಂದು 1944ರ ಶಿಕಾಗೊ ಒಪ್ಪಂದ ಹೇಳುತ್ತದೆ. ಆದ್ದರಿಂದ ನಾವು ಹಣ ಕೊಡುವ ಮೊದಲು ಕೇಳಬೇಕಾದದ್ದು ವಿಮಾನದ ಬಣ್ಣವನ್ನಲ್ಲ, ಹೊರದೇಶದಿಂದ ಬರುವ ಅದು ಮೊದಲು ನೋಂದಣಿಯಾಗಿದ್ದ ದೇಶದ ಪಟ್ಟಿಯಿಂದ ಅದರ ಹೆಸರು ತೆಗೆದುಹಾಕಿದ್ದಕ್ಕೆ ಪ್ರಮಾಣಪತ್ರವನ್ನು. ಈ ಒಂದು ಕಾಗದವಿಲ್ಲದಿದ್ದರೆ ಕಸ್ಟಮ್ಸ್ ಸುಂಕ ಕಟ್ಟಿ ತಂದ ವಿಮಾನವೂ ಶೆಡ್ಡಿನಲ್ಲೇ ಕೂರಬೇಕಾಗುತ್ತದೆ.

ನೋಂದಣಿಯಾದ ಮೇಲೆ ಸಿಗುವ ಗುರುತು 'ವಿಟಿ' ಎಂಬ ಎರಡು ಅಕ್ಷರಗಳಿಂದ ಆರಂಭವಾಗಿ ಮತ್ತೆ ಮೂರು ಅಕ್ಷರಗಳಲ್ಲಿ ಮುಗಿಯುತ್ತದೆ. ಅದನ್ನು ರೆಕ್ಕೆಯ ಅಡಿಯಲ್ಲಿ ಮತ್ತು ಒಡಲಿನ ಮೇಲೆ ದೂರದಿಂದ ಓದಲು ಬರುವಷ್ಟು ದೊಡ್ಡದಾಗಿ ಬರೆಸಬೇಕು. ಇದಲ್ಲದೆ ಬಾಗಿಲಿನ ಬಳಿ ಬೆಂಕಿಗೆ ಕರಗದ ಲೋಹದ ಪುಟ್ಟ ಫಲಕವೊಂದರಲ್ಲಿಯೂ ಅದೇ ಗುರುತು ಕೆತ್ತಿರಬೇಕು; ವಿಮಾನ ಸುಟ್ಟು ಬೂದಿಯಾದರೂ ಯಾವುದೆಂದು ತಿಳಿಯಲಿ ಎಂಬುದೇ ಅದರ ಉದ್ದೇಶ. ಇದನ್ನು ಕೇಳಿದ ದಿನ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಂಬರ್ ಸಿಕ್ಕಿತೆಂದರೆ ಹಾರಬಹುದೆಂದಲ್ಲ. ಹಾರಾಟ ಯೋಗ್ಯತೆಯ ಪ್ರಮಾಣಪತ್ರ, ಅದರ ನಿಯತಕಾಲಿಕ ಪರಿಶೀಲನೆ, ರೇಡಿಯೊ ಪರವಾನಗಿ, ವಿಮೆ, ಇವೆಲ್ಲ ಬೇರೆ ಬೇರೆ. ಖಾಸಗಿ ಪೈಲಟ್ ಲೈಸೆನ್ಸಿಗೆ ವಯಸ್ಸು 17 ತುಂಬಿರಬೇಕು, ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು.

ಇನ್ನು ಆಕಾಶದ ವಿಷಯ. ನಮ್ಮ ಉತ್ತರಕ್ಕಿರುವ ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದ್ದು, ಅಲ್ಲಿನ ಹಾಕ್ ಜೆಟ್‌ಗಳ ನಡುವೆ ನಮ್ಮ ವಿಮಾನ ಅಡ್ಡಾಡುವುದು ಸುಮ್ಮನೆ ಆಗುವ ಮಾತಲ್ಲ. ನಿಲ್ದಾಣದ ಆಸುಪಾಸು ಬಿಟ್ಟು ಹೊರಟರೆ ಫ್ಲೈಟ್ ಪ್ಲಾನ್ ಸಲ್ಲಿಸಿ, ವಾಯು ರಕ್ಷಣಾ ಅನುಮತಿಯ ಸಂಖ್ಯೆ ಪಡೆಯಬೇಕು. ಪೈಲಟ್ ಹೊರಗೆ ಕಣ್ಣಿಂದ ನೋಡಿಕೊಂಡೇ ನಡೆಸುವ ಹಾರಾಟ ಸೂರ್ಯಾಸ್ತವಾದ 20 ನಿಮಿಷಗಳೊಳಗೆ ಮುಗಿಯಬೇಕು. ತೊಗರಿ ಹೊಲದ ಮೇಲೆ ಕೆಳಗಿಳಿದು ಊರಿನವರಿಗೆ ಕೈಬೀಸುವ ಕಾಕಾ ಅವರ ಆಸೆಗೆ, 500 ಅಡಿಗಿಂತ ಕೆಳಗೆ ಹಾರಬಾರದೆಂಬ ನಿಯಮ ಅಡ್ಡ ಬರುತ್ತದೆ.

ನನಗೆ ಎಲ್ಲಕ್ಕಿಂತ ಕಠಿಣವೆನಿಸಿದ್ದು ತೂಕ. ಅಮೆರಿಕ 2004ರಲ್ಲಿ ಲೈಟ್ ಸ್ಪೋರ್ಟ್ ಎಂಬ ಹಗುರ ವಿಮಾನಗಳ ವರ್ಗವನ್ನು ರೂಪಿಸಿದಾಗ ನೆಲದಿಂದ ಏಳುವ ವಿಮಾನದ ಒಟ್ಟು ತೂಕವನ್ನು 600 ಕಿಲೋಗೆ ಮಿತಿಗೊಳಿಸಿತ್ತು. ನಾವು ನೋಡಿಟ್ಟಿರುವ ವಿಮಾನವೂ ಅದೇ ಮಿತಿಗೆ ಕಟ್ಟಿದ್ದು. ಮೇ ತಿಂಗಳ ಕಾವಿಗೆ ನಮ್ಮಲ್ಲಿ ಗಾಳಿ ತೆಳುವಾಗಿ ವಿಮಾನ ಮೇಲೇಳುವುದು ಕಷ್ಟವಾಗುವುದರಿಂದ ಆ ಲೆಕ್ಕದಲ್ಲಿ ಒಂದು ಕಿಲೋ ಮೀರುವುದೂ ತಪ್ಪು.

ಬರಿಯ ವಿಮಾನ 360 ಕಿಲೋ, ನಾನು 74. ಈಗ ಕಾಕಾ ತೊಗರಿ ತೂಗುವ ಕಾಟಾದ ಮೇಲೆ ನಿಂತಿದ್ದಾರೆ: 96. ಹತ್ತು ಕಿಲೋದ ಚೀಲವನ್ನೂ ಸೇರಿಸಿದರೆ ಪೆಟ್ರೋಲಿಗೆ ಉಳಿಯುವುದು 60 ಕಿಲೋ, ಅಂದರೆ ಸುಮಾರು 83 ಲೀಟರ್. ಟ್ಯಾಂಕು ನೂರು ಲೀಟರಿನದು. ಕಾಕಾ ಚಪ್ಪಲಿ ಕಳಚಿ ಮತ್ತೊಮ್ಮೆ ಹತ್ತುತ್ತಿದ್ದಾರೆ.