1963ರ ಲೊಯೋಲಾ: ಐದು ಹುಡುಗರು, ಒಂದು ಸೀಸನ್

ಗೆಳೆಯರೇ, ನಮಸ್ಕಾರ. ನಿಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಖುಷಿಯಾಯಿತು. ಇವತ್ತು ನಾನು ಮಾತಾಡುವುದು ಇನ್ನೊಂದು ಕಾಲೇಜು ತಂಡದ ಬಗ್ಗೆ. ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯ, 1962-63ರ ಸೀಸನ್.

ಆಗಿನ ಅಮೆರಿಕದ ಕಾಲೇಜು ಆಟದಲ್ಲಿ ಒಂದು ಕಟ್ಟಳೆ ಇತ್ತು. ಅಂಗಳದಲ್ಲಿ ಒಂದು ಸಲಕ್ಕೆ ಕಪ್ಪು ಆಟಗಾರರು ಇಬ್ಬರು, ಹೆಚ್ಚೆಂದರೆ ಮೂವರು. ಎಲ್ಲೂ ಬರೆದಿರಲಿಲ್ಲ, ಕೋಚ್‌ಗಳಿಗೆಲ್ಲ ಗೊತ್ತಿತ್ತು. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದ ಊರುಗಳಿಂದ ಬಂದ ನಮಗೆ ಇಂಥದ್ದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಲೊಯೋಲಾದ ಕೋಚ್ ಜಾರ್ಜ್ ಐರ್ಲೆಂಡ್ ನಾಲ್ವರನ್ನು ಇಳಿಸಿದರು. ನ್ಯೂಯಾರ್ಕಿನ ಜೆರ್ರಿ ಹಾರ್ಕ್‌ನೆಸ್ ಮತ್ತು ರಾನ್ ಮಿಲ್ಲರ್, ನ್ಯಾಶ್‌ವಿಲ್‌ನ ಲೆಸ್ ಹಂಟರ್ ಮತ್ತು ವಿಕ್ ರೌಸ್. ಐದನೆಯವರು ಶಿಕಾಗೋದ ಜಾನ್ ಈಗನ್, ಬಿಳಿಯರು. ಡಿಸೆಂಬರ್‌ನಲ್ಲಿ ವಯೋಮಿಂಗ್ ವಿರುದ್ಧದ ಪಂದ್ಯದಲ್ಲಿ ಒಂದು ಹೊತ್ತು ಐದಕ್ಕೆ ಐದೂ ಕಪ್ಪು ಹುಡುಗರೇ ಆಡಿದರು. ದೊಡ್ಡ ಕಾಲೇಜುಗಳ ಆಟದಲ್ಲಿ ಹಿಂದೆ ಹಾಗೆ ಆಗಿರಲಿಲ್ಲ.

ತಂಡ ಓಡುತ್ತಿತ್ತು. ಬಾಲ್ ಕಿತ್ತುಕೊಂಡು ಓಡುವುದೇ ಅವರ ಆಟ. ಪಂದ್ಯಕ್ಕೆ ಸರಾಸರಿ 90ಕ್ಕಿಂತ ಜಾಸ್ತಿ ಪಾಯಿಂಟ್ ಗಳಿಸಿ ದೇಶಕ್ಕೇ ಮೊದಲಿದ್ದರು. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯಾದ ಎನ್‌ಸಿಎಎ ಟೂರ್ನಿಯ ಮೊದಲ ಪಂದ್ಯದಲ್ಲಿ ಟೆನೆಸ್ಸೀ ಟೆಕ್ ಎದುರು 111-42. ಆದರೆ ದಕ್ಷಿಣದ ಊರುಗಳಿಗೆ ಆಡಲು ಹೋದಾಗ ಒಂದೇ ತಂಡದ ಹುಡುಗರು ಬೇರೆ ಬೇರೆ ಕಡೆ ಮಲಗಬೇಕಾಯಿತು. ಪ್ರೇಕ್ಷಕರ ಬೈಗುಳ ಕೇಳಬೇಕಾಯಿತು. ಬೆದರಿಕೆಯ ಪತ್ರಗಳು ಹಾಸ್ಟೆಲಿಗೇ ಬಂದವು. ಇಪ್ಪತ್ತು, ಇಪ್ಪತ್ತೆರಡರ ಹುಡುಗರು ಅದನ್ನು ಓದಿಕೊಂಡು ಸಂಜೆ ಪ್ರಾಕ್ಟೀಸಿಗೆ ಹೋಗುತ್ತಿದ್ದರು.

ಮುಂದಿನ ಸುತ್ತಿನಲ್ಲಿ ಎದುರಾಳಿ ಮಿಸ್ಸಿಸಿಪ್ಪಿ ಸ್ಟೇಟ್. ಪೂರ್ತಿ ಬಿಳಿಯರ ತಂಡ, ಒಳ್ಳೆಯ ತಂಡ. 1959, 1961, 1962ರಲ್ಲಿ ತಮ್ಮ ವಲಯದ ಪ್ರಶಸ್ತಿ ಗೆದ್ದೂ ಟೂರ್ನಿಗೆ ಹೋಗಿರಲಿಲ್ಲ. ಕಪ್ಪು ಆಟಗಾರರಿರುವ ತಂಡದ ಜೊತೆ ಆಡಬಾರದು ಅನ್ನುವುದು ಆ ರಾಜ್ಯದ ರೂಢಿ. ಈ ಸಲ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕಾಲ್ವರ್ಡ್ ಹೋಗಲಿ ಅಂದರು. ಗವರ್ನರ್ ರಾಸ್ ಬಾರ್ನೆಟ್ ಒಪ್ಪಲಿಲ್ಲ. ತಂಡ ರಾಜ್ಯ ಬಿಟ್ಟು ಹೋಗದಂತೆ ಕೋರ್ಟಿನಿಂದ ತಡೆಯಾಜ್ಞೆಯೂ ಬಂತು. ಅದು ಕೈಗೆ ಸಿಗುವ ಮೊದಲೇ ಕಾಲ್ವರ್ಡ್ ರಾಜ್ಯದ ಗಡಿ ದಾಟಿದ್ದರು, ಕೋಚ್ ಬೇಬ್ ಮೆಕಾರ್ಥಿ ಕೂಡ. ಆಟಗಾರರು ಬೆಳಿಗ್ಗೆ ವಿಮಾನ ಹತ್ತಿದರು.

1963ರ ಮಾರ್ಚ್ 15, ಮಿಶಿಗನ್‌ನ ಈಸ್ಟ್ ಲ್ಯಾನ್ಸಿಂಗ್. ಆಟ ಶುರುವಾಗುವ ಮೊದಲು ಎರಡೂ ತಂಡಗಳ ನಾಯಕರಾದ ಹಾರ್ಕ್‌ನೆಸ್ ಮತ್ತು ಜೋ ಡ್ಯಾನ್ ಗೋಲ್ಡ್ ಕೈಕುಲುಕಿದರು. ಕ್ಯಾಮೆರಾಗಳ ಬೆಳಕು ಒಮ್ಮೆಲೇ ಮಿಂಚಿತು. ಲೊಯೋಲಾ 61-51ರಲ್ಲಿ ಗೆದ್ದಿತು.

ಈ ಪಂದ್ಯದ ಬಗ್ಗೆ ಮಾತು ಬಂದರೆ ಎಲ್ಲರೂ ಆ ಫೋಟೊ ತೋರಿಸುತ್ತಾರೆ, ಮಿಸ್ಸಿಸಿಪ್ಪಿ ಹುಡುಗರು ತಪ್ಪಿಸಿಕೊಂಡು ಬಂದ ಕಥೆ ಹೇಳುತ್ತಾರೆ. ಅವರ ಧೈರ್ಯವನ್ನು ನಾನು ಕಡಿಮೆ ಮಾಡುವುದಿಲ್ಲ. ಹಿಂದಿನ ವರ್ಷವಷ್ಟೇ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಸೇರಲು ಬಂದಾಗ ಗಲಭೆಯಾಗಿ ಇಬ್ಬರು ಸತ್ತಿದ್ದರು. ಆದರೆ ಎರಡೂ ಕಡೆಯವರನ್ನು ಸಮವಾಗಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ಒಂದು ತಂಡ ಒಂದು ಪಂದ್ಯಕ್ಕಾಗಿ ಅಪಾಯ ಎದುರಿಸಿತು. ಇನ್ನೊಂದು ತಂಡದ ನಾಲ್ವರಿಗೆ ಇಡೀ ಸೀಸನ್ ಹಾಗೇ ಇತ್ತು, ಆಟ ಮುಗಿದ ಮೇಲೂ ಇತ್ತು. ಮಿಸ್ಸಿಸಿಪ್ಪಿ ಸ್ಟೇಟ್ ಇದ್ದ ವಲಯದಲ್ಲಿ ಒಬ್ಬ ಕಪ್ಪು ಆಟಗಾರ, ವ್ಯಾಂಡರ್‌ಬಿಲ್ಟ್‌ನ ಪೆರ್ರಿ ವಾಲೆಸ್, ಮುಖ್ಯ ತಂಡದಲ್ಲಿ ಆಡಿದ್ದು 1967ರಲ್ಲಿ. ಮಿಸ್ಸಿಸಿಪ್ಪಿ ಸ್ಟೇಟ್ ಅದಕ್ಕಿಂತಲೂ ತಡ ಮಾಡಿತು. ಹಾರ್ಕ್‌ನೆಸ್ ಮತ್ತು ಗೋಲ್ಡ್ ಮುಂದೆ ಗೆಳೆಯರಾದರು, ಅದು ನಿಜಕ್ಕೂ ದೊಡ್ಡದು. ಆದರೆ ಕೈಕುಲುಕಿದ ಕೂಡಲೇ ಬಾಗಿಲು ತೆರೆಯಲಿಲ್ಲ.

ಇನ್ನು ಫೈನಲ್. ಮಾರ್ಚ್ 23, ಲೂಯಿವಿಲ್. ಎದುರಿಗೆ ಸಿನ್ಸಿನಾಟಿ, ಹಿಂದಿನ ಎರಡು ವರ್ಷದ ಚಾಂಪಿಯನ್. ಲೊಯೋಲಾ 84 ಸಲ ಎಸೆದು ಬುಟ್ಟಿಗೆ ಹಾಕಿದ್ದು 23 ಮಾತ್ರ. ಹಾರ್ಕ್‌ನೆಸ್‌ಗೆ ಸುಮಾರು 35 ನಿಮಿಷ ಒಂದೂ ಬುಟ್ಟಿ ಸಿಗಲಿಲ್ಲ. ಒಂದು ಹಂತದಲ್ಲಿ ತಂಡ 15 ಪಾಯಿಂಟ್ ಹಿಂದೆ! ಸಿನ್ಸಿನಾಟಿ ಬಾಲ್ ಹಿಡಿದುಕೊಂಡು ಹೊತ್ತು ಕಳೆಯತೊಡಗಿತು. ಇಷ್ಟು ಸೆಕೆಂಡಿನೊಳಗೆ ಬಾಲ್ ಎಸೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ಆಗ ಇರಲಿಲ್ಲ, ಹಾಗೆ ಆಡಬಹುದಿತ್ತು. ನನ್ನ ಪ್ರಕಾರ ಅವರು ಎಡವಿದ್ದೇ ಅಲ್ಲಿ. ಲೊಯೋಲಾ ಮೈಮೇಲೆ ಬಿದ್ದು ಒತ್ತಡ ಹಾಕಿತು, ಸಿನ್ಸಿನಾಟಿ ಮತ್ತೆ ಮತ್ತೆ ಬಾಲ್ ಕಳೆದುಕೊಂಡಿತು. ಕೊನೆಯ ಕ್ಷಣಗಳಲ್ಲಿ ಅವರ ಒಂದು ಫ್ರೀ ಥ್ರೋ ತಪ್ಪಿತು. ರೀಬೌಂಡ್ ಹಂಟರ್ ಕೈಗೆ, ಅಲ್ಲಿಂದ ಮಿಲ್ಲರ್‌ಗೆ, ಮಿಲ್ಲರ್‌ನಿಂದ ಹಾರ್ಕ್‌ನೆಸ್‌ಗೆ. 54-54.

ಸಮವಾದ್ದರಿಂದ ಓವರ್‌ಟೈಮ್, ಅಂದರೆ ಇನ್ನೂ ಐದು ನಿಮಿಷದ ಆಟ. ಅದರ ಕೊನೆಯಲ್ಲಿ 58-58. ಹಂಟರ್ ಎಸೆದ ಬಾಲ್ ರಿಂಗಿಗೆ ಬಡಿದು ಹೊರಬಂತು. ರೌಸ್ ಎಗರಿ ಹಿಡಿದು ಮತ್ತೆ ಒಳಗೆ ಹಾಕಿದರು. 60-58. ಆ ರಾತ್ರಿ ಐರ್ಲೆಂಡ್ ಬೆಂಚಿನಿಂದ ಯಾರನ್ನೂ ಕರೆಯಲಿಲ್ಲ. ಓವರ್‌ಟೈಮ್ ಸೇರಿ 45 ನಿಮಿಷವೂ ಅದೇ ಐವರು ಆಡಿದ್ದರು.